ಎ. ಎಲ್. ಎಸ್. ರೋಗವೂ ಆಕರಕೋಶ ಚಿಕಿತ್ಸೆಯೂ

ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಭಾಷಣ

 

ಮದುವೆ, ಗೃಹಪ್ರವೇಶಗಳ ವಿಷಯದಲ್ಲಿ ಮಾತ್ರವೇ ಅಲ್ಲ, ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗಲೂ ಮೊದಲು ಶ್ರೀಮಠಕ್ಕೆ ಬಂದು ಅಪ್ಪಣೆ ಕೇಳುವುದು ನಮ್ಮ ಭಕ್ತರಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಅಂತಹ ಕೇಳಿಕೆಗಳಲ್ಲಿ ಒಂದನ್ನು ಇಂದು ವಿಚಾರಕ್ಕೆ ತೆಗೆದುಕೊಂಡಿದ್ದೇನೆ. ಮನೆಯ ಯಜಮಾನನ ಕೈ ಸೋಲಹತ್ತಿದೆ, ದೊಡ್ಡ ಆಸ್ಪತ್ರೆಯವರು ಪರೀಕ್ಷಿಸಿ, ಇದನ್ನು ಪೂರ್ಣವಾಗಿ ವಾಸಿಮಾಡುವ ಔಷಧವಿಲ್ಲವೆಂದು ಹೇಳಿದ್ದಾರೆ, ಆದರೆ ಮತ್ತೊಂದು ಊರಿನಲ್ಲಿ ಆಕರಕೋಶಗಳನ್ನು ಬೆನ್ನುಹುರಿಯ ಸುತ್ತಲಿನ ದ್ರವದೊಳಕ್ಕೆ ಚುಚ್ಚಿ ರೋಗವನ್ನು ತಡೆದು ನಿಲ್ಲಿಸುವರಂತೆ, ಖರ್ಚು ಲಕ್ಷಗಟ್ಟಲೆ, ಹೊಲ ಮಾರಬೇಕಾಗುವುದು. ಮಾರೋಣವೇ, ಬೇಡವೇ? ಹೊಲವನ್ನು ಮಾರುವ ಮಾತು ಮನೆಯವರಿಗೆ ಸೇರಿದ್ದು. ಆದರೆ ಅದರ ಬೆನ್ನಿಗೆ ಮತ್ತೊಂದು ಪ್ರಶ್ನೆಯಿದೆ: ಆ ಚಿಕಿತ್ಸೆಯಿಂದ ರೋಗದ ವೇಗ ತಗ್ಗುವುದೆಂಬ ಮಾತನ್ನು ನಿಜವೋ ಅಲ್ಲವೋ ಎಂದು ತೂಗಿ ನೋಡುವುದು ಹೇಗೆ? ಇದು ವೈದ್ಯಶಾಸ್ತ್ರಕ್ಕೆ ಸೇರಿದ್ದು. ನನ್ನ ಭಾಷಣವೂ ಇದಕ್ಕೇ ಸೀಮಿತವಾದುದು.

ಮೊದಲು ರೋಗದ ಸ್ವರೂಪವನ್ನು ತಿಳಿಯತಕ್ಕುದು. ನಮ್ಮ ಇಚ್ಛೆಯನ್ನು ಮಾಂಸಖಂಡಗಳಿಗೆ ಮುಟ್ಟಿಸುವ ಚಾಲಕ ನರಕೋಶಗಳು ಎರಡು ಬಗೆಯವು. ಮೊದಲನೆಯವು ಮಿದುಳಿನಿಂದ ಹೊರಟು ಮಿದುಳುಕಾಂಡಕ್ಕೂ ಬೆನ್ನುಹುರಿಗೂ ಬರುವುವು. ಎರಡನೆಯವು ಅಲ್ಲಿಂದ ಹೊರಟು ಕೈ, ಕಾಲು, ನಾಲಗೆ, ಗಂಟಲು, ಎದೆಗಳ ಸ್ನಾಯುಗಳನ್ನು ಸೇರುವುವು. ಬೆನ್ನುಹುರಿಯಿಂದ ಪಾದಕ್ಕೆ ಇಳಿಯುವ ಒಂದೊಂದು ಕೋಶದ ಎಳೆಯೂ ಸುಮಾರು ಒಂದು ಮೀಟರಿನಷ್ಟು ಉದ್ದವಾಗಿರುವುದೆಂದರೆ ಸೃಷ್ಟಿಯ ಕೆಲಸದ ಸೂಕ್ಷ್ಮತೆಯನ್ನು ಊಹಿಸಬಹುದು. ಈ ಎರಡು ಬಗೆಯ ಕೋಶಗಳೂ ಒಂದೊಂದಾಗಿ ಸಾಯುತ್ತ ಹೋಗುವುದೇ ಈ ರೋಗ. ೧೮೬೯ರಲ್ಲಿ ಪ್ಯಾರಿಸ್ ನಗರದ ಜಾಂ ಮಾರ್ಟಿನ್ ಶಾರ್ಕೋ ಎಂಬ ವೈದ್ಯನು ಇದನ್ನು ಸ್ಪಷ್ಟವಾಗಿ ವಿವರಿಸಿದನು. ಆತನಿಂದ ಬಂದ ಹೆಸರು ಅಮಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲಿರೋಸಿಸ್. ಅದನ್ನು ಕಿರಿದುಮಾಡಿ ಎ. ಎಲ್. ಎಸ್. ಎನ್ನುವರು. ಮೋಟಾರ್ ನ್ಯೂರಾನ್ ಡಿಸೀಜ್ ಎಂಬ ಹೆಸರಿನಿಂದಲೂ ನಮ್ಮ ಆಸ್ಪತ್ರೆಗಳಲ್ಲಿ ಇದನ್ನು ಕರೆಯುವುದುಂಟು. ಮುಟ್ಟಿದರೆ ರೋಗಿಗೆ ತಿಳಿಯುವುದು. ಕಣ್ಣು ಕಾಣುವುದು, ಕಿವಿ ಕೇಳುವುದು. ಅನೇಕರಲ್ಲಿ ಬುದ್ಧಿಯೂ ಕೊನೆಯವರೆಗೆ ತಿಳಿಯಾಗಿಯೇ ಇರುವುದು. ಕೈ ಮಾತ್ರ ಏಳದು, ನಾಲಗೆ ಹೊರಳದು, ಕೊನೆಗೆ ಉಸಿರೆಳೆಯುವ ಸ್ನಾಯುಗಳೂ ಸೋಲುವುವು.

ಲಕ್ಷಣಗಳು ತೋರಿದಂದಿನಿಂದ ಸಾಮಾನ್ಯವಾಗಿ ಎರಡರಿಂದ ಐದು ವರ್ಷ ಆಯುಷ್ಯವೆಂದು ಹೇಳುವರು. ಆದರೆ ಈ ಸಾಮಾನ್ಯವೆಂಬ ಮಾತಿನೊಳಗೆ ಬಹಳ ಅಂತರ ಅಡಗಿರುವುದು. ಅಮೆರಿಕದ ಪ್ರಸಿದ್ಧ ಬೇಸ್‌ಬಾಲ್ ಆಟಗಾರ ಲೂ ಗೆಹ್ರಿಗನ ರೋಗವನ್ನು ೧೯೩೯ರಲ್ಲಿ ಗುರುತಿಸಿದರು. ೧೯೪೧ರಲ್ಲಿ ಆತನು ತೀರಿಕೊಂಡನು. ಇಂಗ್ಲೆಂಡಿನ ವಿಜ್ಞಾನಿ ಸ್ಟೀಫನ್ ಹಾಕಿಂಗರಿಗೆ ಇದೇ ರೋಗವೆಂದು ೧೯೬೩ರಲ್ಲಿ ಹೇಳಿದರು. ಅವರು ೨೦೧೮ರ ವರೆಗೆ ಬದುಕಿದ್ದು, ಗ್ರಂಥಗಳನ್ನು ರಚಿಸಿ ಲೋಕಪ್ರಸಿದ್ಧರಾದರು. ರೋಗಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಹತ್ತು ವರ್ಷಗಳನ್ನು ದಾಟುವರು. ಹಾಕಿಂಗರಿಗೆ ೧೯೬೪ರಲ್ಲಿ ಯಾರಾದರೊಬ್ಬ ವೈದ್ಯನು ಯಾವುದಾದರೊಂದು ಬೇರನ್ನು ಅರೆದು ಕುಡಿಸಿದ್ದನೆಂದು ಭಾವಿಸಿರಿ. ಆ ಬೇರಿಗೆ ಇಂದು ಲೋಕದಲ್ಲಿ ಎಂತಹ ಬೆಲೆಯಿರುತ್ತಿತ್ತು! ರೋಗದ ಈ ವೇಗವ್ಯತ್ಯಾಸವನ್ನು ದಯವಿಟ್ಟು ನೆನಪಿನಲ್ಲಿಡಿರಿ. ಮುಂದಿನ ತೊಡಕುಗಳೆಲ್ಲವೂ ಇದರಿಂದಲೇ ಹುಟ್ಟತಕ್ಕವು.

ಔಷಧಗಳ ವಿಷಯವನ್ನು ಬೇಗ ಮುಗಿಸುವೆನು. ರಿಲುಜೋಲ್ ಎಂಬುದು ೧೯೯೫ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಪರೀಕ್ಷೆಗಳಲ್ಲಿ ಅದು ಆಯುಷ್ಯವನ್ನು ಎರಡು ಮೂರು ತಿಂಗಳಷ್ಟು ಹೆಚ್ಚಿಸಿತು. ಎಡರವೋನ್ ಎಂಬ ಮತ್ತೊಂದು ೨೦೧೭ರಲ್ಲಿ ಅಲ್ಲಿ ಬಂದಿತು. ಇಷ್ಟು ಅಲ್ಪಲಾಭದ ಔಷಧಗಳನ್ನು ಕಂಡು ಬೇಸತ್ತ ಮನಸ್ಸು ಹೊಸದೊಂದನ್ನು ಹುಡುಕುವುದು ಸಹಜವೇ ಸರಿ.

ಆಕರಕೋಶವೆಂದರೆ, ತನ್ನಂತಹ ಕೋಶಗಳನ್ನೂ ತನಗಿಂತ ಭಿನ್ನವಾದ ಕೋಶಗಳನ್ನೂ ಹುಟ್ಟಿಸಬಲ್ಲ ಮೂಲಕೋಶ. ಪತ್ರಿಕೆಗಳಲ್ಲಿ ಸ್ಟೆಮ್ ಸೆಲ್ ಎಂದು ಓದಿರುವಿರಿ. ಕೇಳಿದೊಡನೆ ನಮ್ಮ ಮನಸ್ಸಿಗೆ ತೋರುವುದೇನೆಂದರೆ, ಸತ್ತ ನರಕೋಶದ ಜಾಗದಲ್ಲಿ ಹೊಸದೊಂದನ್ನು ನೆಡುವರು, ಅದು ಬೇರುಬಿಟ್ಟು ಕೈಕಾಲುಗಳನ್ನು ಮತ್ತೆ ಆಡಿಸುವುದು ಎಂದು. ಈ ರೋಗದಲ್ಲಿ ಹೆಚ್ಚಾಗಿ ಪ್ರಯೋಗಿಸಿರುವ ಮೂಳೆಮಜ್ಜೆಯ ಕೋಶಗಳಿಂದ ಅದನ್ನು ಯಾವ ಪಂಡಿತನೂ ನಿರೀಕ್ಷಿಸುವುದಿಲ್ಲ. ಅವುಗಳಿಂದ ನಿರೀಕ್ಷಿಸುವುದು ಬೇರೆ: ಒಣಗುತ್ತಿರುವ ತೋಟಕ್ಕೆ ಹೊಸ ಗಿಡಗಳನ್ನು ನೆಡದೆ ಗೊಬ್ಬರ ಹಾಕಿದಂತೆ, ಆ ಕೋಶಗಳು ಕೆಲವು ಪೋಷಕ ದ್ರವ್ಯಗಳನ್ನು ಸ್ರವಿಸಿ, ಸುತ್ತಲಿನ ಉರಿಯೂತವನ್ನು ತಗ್ಗಿಸಿ, ಇನ್ನೂ ಉಳಿದಿರುವ ನರಕೋಶಗಳನ್ನು ಕೆಲವು ಕಾಲ ಕಾಪಾಡಬಹುದು. ಆದುದರಿಂದ ಈ ಚಿಕಿತ್ಸೆಯ ಪರವಾಗಿ ಹೆಚ್ಚೆಂದರೆ ಹೇಳಬಹುದಾದ ಮಾತು ‘ವಾಸಿಯಾಯಿತು’ ಎಂಬುದಲ್ಲ, ‘ಇಳಿಯುವ ವೇಗ ತಗ್ಗಿತು’ ಎಂಬುದು. ವಾಸಿಯಾದುದನ್ನು ಕಣ್ಣಿನಿಂದ ಕಾಣಬಹುದು. ವೇಗ ತಗ್ಗಿದುದನ್ನು ಕಣ್ಣು ಕಾಣದು. ಏತಕ್ಕೆಂದರೆ, ತಗ್ಗದೆ ಇದ್ದಿದ್ದರೆ ಈ ಹೊತ್ತಿಗೆ ರೋಗಿ ಯಾವ ಸ್ಥಿತಿಯಲ್ಲಿರುತ್ತಿದ್ದನು ಎಂಬುದು ಯಾರಿಗೂ ತಿಳಿಯದು.

ವೇಗವನ್ನು ಅಳೆಯಲು ವೈದ್ಯರು ಒಂದು ಅಂಕಪಟ್ಟಿಯನ್ನು ಬಳಸುವರು. ಅದರಲ್ಲಿ ೧೨ ಕಾರ್ಯಗಳಿವೆ: ಮಾತು, ಜೊಲ್ಲು ಸುರಿಯುವಿಕೆ, ನುಂಗುವಿಕೆ, ಬರವಣಿಗೆ, ಊಟದ ಪದಾರ್ಥವನ್ನು ಕತ್ತರಿಸಿ ತಿನ್ನುವಿಕೆ, ಉಡುಪು ಧರಿಸಿ ಶುಚಿಯಾಗುವಿಕೆ, ಹಾಸಿಗೆಯಲ್ಲಿ ಹೊರಳುವಿಕೆ, ನಡಿಗೆ, ಮೆಟ್ಟಿಲು ಹತ್ತುವಿಕೆ, ಮತ್ತು ಉಸಿರಾಟಕ್ಕೆ ಸಂಬಂಧಿಸಿದ ಮೂರು. ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರ ವರೆಗೆ ಅಂಕ; ಆರೋಗ್ಯವಂತನಿಗೆ ಒಟ್ಟು ೪೮. ಸರಾಸರಿ ನೋಡಿದರೆ ರೋಗಿ ತಿಂಗಳಿಗೆ ಸುಮಾರು ಒಂದು ಅಂಕವನ್ನು ಕಳೆದುಕೊಳ್ಳುವನು. ಈ ಪಟ್ಟಿಯನ್ನು ನಾನು ಹೀಗಳೆಯುವುದಿಲ್ಲ. ಇದಕ್ಕಿಂತ ಸುಲಭವಾದ ಅಳತೆಗೋಲು ಸಿಕ್ಕಿಲ್ಲ. ಆದರೂ ಕೋಲು ನೆಟ್ಟಗಿಲ್ಲ. ಬರವಣಿಗೆಯಲ್ಲಿ ಸೊನ್ನೆಗೆ ಮುಟ್ಟಿದವನ ಕೈ ಮತ್ತಷ್ಟು ಸೋತರೂ ಅಂಕ ಇಳಿಯದು. ಬಾವಿಯ ತಳವನ್ನು ಮುಟ್ಟಿದ ಕೊಡ ಇನ್ನು ಕೆಳಗಿಳಿಯುವುದಿಲ್ಲ. ಅದನ್ನು ನೋಡಿ ‘ನಾನು ಹಗ್ಗವನ್ನು ಹಿಡಿದು ನಿಲ್ಲಿಸಿದೆ’ ಎಂದು ಒಬ್ಬನು ಹೇಳಿದರೆ ದೂರದಲ್ಲಿದ್ದವರು ನಂಬಬಹುದು.

ಇನ್ನು ಮುಖ್ಯವಾದ ವಿಷಯ. ಹಿಂದೆ ನಡೆದ ಅನೇಕ ಚಿಕಿತ್ಸಾಪರೀಕ್ಷೆಗಳಲ್ಲಿ ಭಾಗವಹಿಸಿದ ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ, ಪ್ರೋ-ಆಕ್ಟ್ ಎಂಬ ಒಂದು ದೊಡ್ಡ ಭಂಡಾರವನ್ನು ೨೦೧೨ರಲ್ಲಿ ತೆರೆದರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡಾ. ರಿಚರ್ಡ್ ಬೆಡ್‌ಲ್ಯಾಕ್ ಮತ್ತು ಅವರ ಸಂಗಡಿಗರು ಆ ಭಂಡಾರವನ್ನು ಶೋಧಿಸಿ ೨೦೧೬ರಲ್ಲಿ ಹೊರಗೆಡವಿದ ಸಂಗತಿ ಇದು: ರೋಗಿಗಳಲ್ಲಿ ೧೦೦ಕ್ಕೆ ೨೫ ಜನ ಆರು ತಿಂಗಳ ಅವಧಿಯಲ್ಲಿ ಇಳಿಯಲೇ ಇಲ್ಲ, ೧೬ ಜನ ಒಂದು ವರ್ಷ ಇಳಿಯಲಿಲ್ಲ, ೭ ಜನ ಒಂದೂವರೆ ವರ್ಷ ಇಳಿಯಲಿಲ್ಲ. ನಾಲ್ಕು ಅಂಕಗಳಷ್ಟು ಮೇಲೇರಿ ಒಂದು ವರ್ಷ ಹಾಗೆಯೇ ನಿಂತವರು ಮಾತ್ರ ೧೦೦ಕ್ಕೆ ಒಬ್ಬರಿಗಿಂತಲೂ ಕಡಿಮೆ. ಅಂದರೆ ನಾಲ್ವರಲ್ಲಿ ಒಬ್ಬನ ರೋಗ ಆರು ತಿಂಗಳು ತಾನಾಗಿಯೇ ತಂಗುವುದುಂಟು. ಆ ತಂಗುದಾಣಕ್ಕೆ ಬರುವ ಮುಂಚೆ ಅವನು ಯಾವ ಬಾಗಿಲನ್ನು ತಟ್ಟಿದ್ದನೋ ಆ ಬಾಗಿಲಿಗೆ ಕೀರ್ತಿ ಬರುವುದು. ಚಿಕಿತ್ಸಾಲಯದವನು ಸುಳ್ಳು ಹೇಳಬೇಕಾಗಿಯೇ ಇಲ್ಲ. ರೋಗಿಯೇ ಸಾಕ್ಷಿ ಹೇಳುವನು, ಪ್ರಾಮಾಣಿಕವಾಗಿಯೂ ಹೇಳುವನು.

ಇದಕ್ಕೆ ಸೇರಿದ ಒಂದು ಮಾತು ನಮ್ಮ ನಾಡಿನಿಂದಲೇ ಬಂದುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದ್ದ ಡಾ. ಎಂ. ಗೌರಿದೇವಿಯವರೂ ಅವರ ಸಹೋದ್ಯೋಗಿಗಳೂ ೧೯೮೪ರಲ್ಲಿ ಒಂದು ವ್ಯಾಧಿಯನ್ನು ವಿವರಿಸಿ ಪ್ರಕಟಿಸಿದರು. ತರುಣರಲ್ಲಿ, ಹೆಚ್ಚಾಗಿ ಗಂಡಸರಲ್ಲಿ, ಒಂದು ಕೈ ಅಥವಾ ಒಂದು ಕಾಲು ಮಾತ್ರ ಕೃಶವಾಗುತ್ತ ಹೋಗಿ ಕೆಲವು ವರ್ಷಗಳಲ್ಲಿ ತಾನಾಗಿಯೇ ನಿಂತುಬಿಡುವುದು. ಕೈಗೆ ಬರುವ ಇಂತಹುದೇ ವ್ಯಾಧಿಯನ್ನು ಜಪಾನಿನ ಹಿರಾಯಾಮಾ ಎಂಬ ವೈದ್ಯರು ೧೯೫೯ರಲ್ಲಿ ವಿವರಿಸಿದ್ದರು. ಆರಂಭದಲ್ಲಿ ಇದನ್ನು ಕಂಡು ಎ. ಎಲ್. ಎಸ್. ಎಂದು ಭ್ರಮಿಸುವ ಸಂಭವವುಂಟು. ಹಾಗೆ ಭ್ರಮಿಸಿ ಒಬ್ಬ ಯುವಕನಿಗೆ ಆಕರಕೋಶಗಳನ್ನು ಚುಚ್ಚಿದರೆ, ವ್ಯಾಧಿ ನಿಂತಾಗ ಅದು ಪವಾಡವೆನ್ನಿಸುವುದು. ಆದುದರಿಂದ ಯಾರಾದರೂ ‘ನಮ್ಮಲ್ಲಿ ನಿಂತಿತು’ ಎಂದರೆ, ನಿಂತುದು ಯಾವ ರೋಗವೆಂಬುದನ್ನು ಮೊದಲು ಕೇಳಬೇಕು.

ಇನ್ನೂ ಒಂದು ಮರೆಯ ತಪ್ಪು ಇದೆ. ದೂರದೇಶಕ್ಕೆ ವಿಮಾನದಲ್ಲಿ ಹೋಗಬಲ್ಲವನು, ಮೂರು ಸಲ ಹೋಗಿಬರಬಲ್ಲವನು, ರೋಗ ಮೆಲ್ಲಗೆ ನಡೆಯುತ್ತಿರುವವನೇ. ವೇಗವಾಗಿ ಸೋತವನು ಊರನ್ನೇ ಬಿಡಲಾರನು. ಎರಡನೆಯ ಚುಚ್ಚುಮದ್ದಿಗೆ ಮೊದಲೇ ತೀರಿಕೊಂಡವನು ಲೆಕ್ಕದಿಂದ ಬಿದ್ದುಹೋಗುವನು. ಉಳಿದವರನ್ನು ಮಾತ್ರ ಎಣಿಸಿ, ಪುಸ್ತಕಗಳಲ್ಲಿರುವ ಸರಾಸರಿಯೊಡನೆ ಹೋಲಿಸಿದರೆ ಯಾವ ಚಿಕಿತ್ಸೆಯಾದರೂ ಗೆಲ್ಲುವುದು.

ಇಂತಹ ಹೋಲಿಕೆಯ ಅಪಾಯಕ್ಕೆ ಲಿಥಿಯಂ ಎಂಬ ಲವಣದ ಕಥೆ ಸಾಕ್ಷಿಯಾಗಿದೆ. ಅದು ಆಕರಕೋಶವಲ್ಲ, ಅಗ್ಗದ ಗುಳಿಗೆ. ಪಾಠ ಮಾತ್ರ ಅದೇ. ೨೦೦೮ರಲ್ಲಿ ಇಟಲಿಯ ವೈದ್ಯರು ೧೬ ಜನರಿಗೆ ಅದನ್ನು ಕೊಟ್ಟರು. ೨೮ ಜನರಿಗೆ ಕೊಡಲಿಲ್ಲ. ಹದಿನೈದು ತಿಂಗಳಲ್ಲಿ ಕೊಟ್ಟವರಲ್ಲಿ ಒಬ್ಬರೂ ಸಾಯಲಿಲ್ಲ. ಕೊಡದವರಲ್ಲಿ ೧೦೦ಕ್ಕೆ ೨೯ರಷ್ಟು ಸತ್ತರು. ಸುದ್ದಿ ಹಬ್ಬಿತು, ಲೋಕದ ನಾನಾ ಕಡೆಗಳಲ್ಲಿ ರೋಗಿಗಳು ತಾವಾಗಿಯೇ ನುಂಗತೊಡಗಿದರು. ಬಳಿಕ ಸರಿಯಾದ ತುಲನೆಯ ಪರೀಕ್ಷೆ ನಡೆದಾಗ ಲಾಭದ ಆಸೆಯೇ ಇಲ್ಲವೆಂದು ಕಂಡು ಅದನ್ನು ನಡುವೆಯೇ ನಿಲ್ಲಿಸಿದರು. ತಾವಾಗಿ ನುಂಗಿದ ೧೪೯ ರೋಗಿಗಳ ಲೆಕ್ಕವನ್ನು ಅವರಂತೆಯೇ ಇದ್ದ ಇತರ ರೋಗಿಗಳ ಲೆಕ್ಕದೊಡನೆ ಹೋಲಿಸಿ ೨೦೧೧ರಲ್ಲಿ ಪ್ರಕಟಿಸಿದರು. ಅಲ್ಲಿಯೂ ಏನೂ ಲಾಭ ಕಾಣಲಿಲ್ಲ.

ಈಗ ಆಕರಕೋಶಕ್ಕೇ ಬರೋಣ. ಈ ರೋಗದಲ್ಲಿ ಅದರ ಬಗ್ಗೆ ನಡೆದ ಪರೀಕ್ಷೆಗಳಲ್ಲಿ ಬಹಳ ಎಚ್ಚರದಿಂದ ನಡೆದವುಗಳಲ್ಲೊಂದು, ಬ್ರೈನ್‌ಸ್ಟಾರ್ಮ್ ಎಂಬ ಕಂಪನಿಯ ನ್ಯೂರ್‌ಓನ್ ಎಂಬ ಚಿಕಿತ್ಸೆಯದು. ರೋಗಿಯ ಮೂಳೆಮಜ್ಜೆಯಿಂದಲೇ ಕೋಶಗಳನ್ನು ತೆಗೆದು, ಪ್ರಯೋಗಶಾಲೆಯಲ್ಲಿ ಬೆಳೆಸಿ, ಪೋಷಕ ದ್ರವ್ಯಗಳನ್ನು ಹೆಚ್ಚಾಗಿ ಸ್ರವಿಸುವಂತೆ ಅವನ್ನು ಅಣಿಗೊಳಿಸಿ, ಮತ್ತೆ ಅದೇ ರೋಗಿಯ ಬೆನ್ನುಹುರಿಯ ದ್ರವಕ್ಕೆ ಎಂಟೆಂಟು ವಾರಗಳಿಗೊಮ್ಮೆ ಮೂರು ಸಲ ಚುಚ್ಚುವುದು ಇದರ ಕ್ರಮ. ೨೦೧೭ರಿಂದ ೨೦೨೦ರ ವರೆಗೆ ಅಮೆರಿಕದ ಆರು ಆಸ್ಪತ್ರೆಗಳಲ್ಲಿ ೧೮೯ ರೋಗಿಗಳು ಚುಚ್ಚುಮದ್ದು ಪಡೆದರು. ಯಾರಿಗೆ ಕೋಶ, ಯಾರಿಗೆ ಹುಸಿಮದ್ದು ಎಂಬುದು ಚೀಟಿ ಎತ್ತಿದಂತೆ ತೀರ್ಮಾನವಾಯಿತು. ಮೂಳೆಮಜ್ಜೆಯನ್ನು ಎಲ್ಲರಿಂದಲೂ ತೆಗೆದರು. ಬೆನ್ನಿಗೆ ಸೂಜಿಯನ್ನೂ ಎಲ್ಲರಿಗೂ ಚುಚ್ಚಿದರು. ಯಾರಿಗೆ ಏನು ಹೋಯಿತೆಂದು ರೋಗಿಗೂ ತಿಳಿಯದು, ಅಂಕಗಳನ್ನು ಬರೆಯುವ ವೈದ್ಯನಿಗೂ ತಿಳಿಯದು.

ಗೆಲುವೆಂದರೇನು ಎಂಬುದನ್ನು ಮೊದಲೇ ಬರೆದಿಟ್ಟಿದ್ದರು: ಚಿಕಿತ್ಸೆಗೆ ಮುಂಚಿನ ಇಳಿತಕ್ಕೆ ಹೋಲಿಸಿದಾಗ, ೨೮ ವಾರಗಳ ಅವಧಿಯಲ್ಲಿ ಇಳಿತದ ವೇಗ ತಿಂಗಳಿಗೆ ೧.೨೫ ಅಂಕ ಅಥವಾ ಇನ್ನೂ ಹೆಚ್ಚಾಗಿ ತಗ್ಗಿದವನನ್ನು ಫಲ ಪಡೆದವನೆಂದು ಎಣಿಸತಕ್ಕುದು. ಫಲವೇನಾಯಿತು? ಕೋಶಗಳನ್ನು ಪಡೆದವರಲ್ಲಿ ೧೦೦ಕ್ಕೆ ೩೩ ಜನ ಆ ಗುರಿಯನ್ನು ಮುಟ್ಟಿದರು. ಹುಸಿಮದ್ದು ಪಡೆದವರಲ್ಲಿ ೨೮ ಜನ ಮುಟ್ಟಿದರು. ಯಾವ ಗುಣವೂ ಇಲ್ಲದ ಎರಡು ಮದ್ದುಗಳನ್ನು ಹೀಗೆ ಹೋಲಿಸಿದರೂ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ಬರೀ ಚೀಟಿಯ ಆಕಸ್ಮಿಕದಿಂದ ೧೦೦ರಲ್ಲಿ ೪೫ ಸಲ ಬರಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದರು.

ಸಭಿಕರು ಈ ೨೮ ಎಂಬ ಸಂಖ್ಯೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆಂದು ಬೇಡುವೆನು. ೩೩ಕ್ಕಿಂತ ಅದು ಹೆಚ್ಚು ಬೆಲೆಯುಳ್ಳದ್ದು. ಈ ಜನರ ದೇಹಕ್ಕೆ ಒಂದು ಕೋಶವೂ ಹೋಗಿರಲಿಲ್ಲ. ಆದರೂ ಅವರ ರೋಗದ ವೇಗ ಗಣನೀಯವಾಗಿ ತಗ್ಗಿತು. ಈ ಪರೀಕ್ಷೆಗೆ ವೇಗವಾಗಿ ಇಳಿಯುತ್ತಿದ್ದವರನ್ನೇ ಆರಿಸಿದ್ದರು. ಬಹಳ ವೇಗದ ಕಾಲವಾದ ಮೇಲೆ ಸ್ವಲ್ಪ ಮೆಲ್ಲಗಿನ ಕಾಲ ಬರುವುದು ಸ್ವಾಭಾವಿಕ. ಜೊತೆಗೆ ಆಸೆಯೂ ಅಂಕಗಳನ್ನು ಸ್ವಲ್ಪ ಮೇಲೆತ್ತುವುದು. ಹುಸಿಮದ್ದಿನ ಗುಂಪೇ ಇಲ್ಲದೆ ಈ ಚಿಕಿತ್ಸೆಯನ್ನು ಹಣ ತೆಗೆದುಕೊಂಡು ಮಾರುವ ಒಂದು ಚಿಕಿತ್ಸಾಲಯವಿದ್ದು, ಅದರ ವೈದ್ಯನು ಸತ್ಯವಂತನೇ ಆಗಿದ್ದರೂ, ‘ನಮ್ಮಲ್ಲಿ ಮೂವರಲ್ಲಿ ಒಬ್ಬರಿಗೆ ರೋಗದ ವೇಗ ತಗ್ಗುವುದು’ ಎಂದು ಫಲಕ ಬರೆಸಬಹುದಾಗಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಏನನ್ನೂ ಕೊಡದಿದ್ದರೂ ಸರಿಸುಮಾರು ಅಷ್ಟೇ ಜನರಿಗೆ ತಗ್ಗುವುದೆಂಬ ಅರ್ಧಸತ್ಯ ಮಾತ್ರ ಫಲಕದ ಮೇಲೆ ಇರುತ್ತಿರಲಿಲ್ಲ.

ಕಂಪನಿಯವರ ವಾದವನ್ನೂ ಕೇಳಬೇಕು, ಅದು ಪೊಳ್ಳಾದುದಲ್ಲ. ರೋಗ ಮುಂದುವರಿದವರಲ್ಲಿ ಅಂಕಗಳು ತಳ ಮುಟ್ಟಿದ್ದರಿಂದ ಎರಡು ಗುಂಪುಗಳಿಗೂ ಅಂತರ ಕಾಣದಾಯಿತು, ಆರಂಭದಲ್ಲಿ ೩೫ ಅಥವಾ ಹೆಚ್ಚು ಅಂಕಗಳಿದ್ದವರನ್ನು ಮಾತ್ರ ನೋಡಿರಿ ಎಂದರು. ನೋಡಿದಾಗ, ಕೋಶ ಪಡೆದವರಲ್ಲಿ ೧೦೦ಕ್ಕೆ ೩೫, ಹುಸಿಮದ್ದಿನವರಲ್ಲಿ ೧೬ ಎಂದು ಬಂದಿತು. ಅಂತರ ದೊಡ್ಡದಾಗಿ ತೋರುವುದು. ಆದರೆ ಈ ಉಪಗುಂಪಿನಲ್ಲಿದ್ದವರು ಒಟ್ಟು ೫೮ ಜನ. ಶೇಕಡಾವಾರನ್ನು ತಲೆಗಳಾಗಿ ತಿರುಗಿಸಿದರೆ ಒಂದು ಕಡೆ ಒಂಬತ್ತು ಜನ, ಮತ್ತೊಂದು ಕಡೆ ಐದು ಜನ. ಚೀಟಿ ಎತ್ತುವಾಗ ಇಬ್ಬರು ಅತ್ತಿಂದಿತ್ತ ಬಂದಿದ್ದರೆ ಅಂತರದ ಬಹುಭಾಗ ಕರಗಿಹೋಗುತ್ತಿತ್ತು. ಇದನ್ನು ಸುಳಿವೆಂದು ಕರೆಯಬಹುದು, ತೀರ್ಪೆಂದು ಕರೆಯಲಾಗದು. ಬೆನ್ನುಹುರಿಯ ದ್ರವದಲ್ಲಿ ಪೋಷಕ ದ್ರವ್ಯಗಳು ಹೆಚ್ಚಿದುದೂ, ಉರಿಯೂತದ ಕುರುಹುಗಳು ತಗ್ಗಿದುದೂ ನಿಜವೇ. ಗೊಬ್ಬರ ಮಣ್ಣಿಗೆ ಬಿದ್ದಿತೆಂದು ಅದರಿಂದ ತಿಳಿಯಿತು. ಮರ ಉಳಿಯಿತೆಂದು ತಿಳಿಯಲಿಲ್ಲ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್. ಡಿ. ಎ. ಈ ವಿಷಯವನ್ನು ೨೦೨೩ರ ಸೆಪ್ಟೆಂಬರ್ ೨೭ರಂದು ಪರಿಣತರ ಸಭೆಯ ಮುಂದಿಟ್ಟಿತು. ರೋಗಿಗಳೂ ಅವರ ಮನೆಯವರೂ ಅಲ್ಲಿ ಮಾತಾಡಿದರು. ‘ನಮಗೆ ಕಾಯಲು ಸಮಯವಿಲ್ಲ’ ಎಂಬ ಅವರ ಮೊರೆಗೆ ಉತ್ತರ ಹೇಳುವುದು ಯಾರಿಗೂ ಸುಲಭವಲ್ಲ. ಆದರೂ ಚಿಕಿತ್ಸೆಯ ಪರಿಣಾಮಕ್ಕೆ ಸಾಕಷ್ಟು ಪ್ರಮಾಣವಿಲ್ಲವೆಂದು ೧೭ ಜನರೂ, ಇದೆಯೆಂದು ಒಬ್ಬರೂ ಮತವಿತ್ತರು. ಒಬ್ಬರು ತಟಸ್ಥರಾಗಿ ಉಳಿದರು. ಮುಂದಿನ ತಿಂಗಳು ಕಂಪನಿ ತನ್ನ ಅರ್ಜಿಯನ್ನು ಹಿಂತೆಗೆದುಕೊಂಡಿತು. ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ: ರೋಗದ ಆರಂಭದಲ್ಲಿರುವವರನ್ನೇ ಆರಿಸಿ ಹೊಸ ಪರೀಕ್ಷೆ ಮಾಡುವ ಯೋಜನೆಗೆ ೨೦೨೪ರಲ್ಲಿ ಅದೇ ಸಂಸ್ಥೆಯ ಒಪ್ಪಿಗೆ ದೊರೆಯಿತು. ಸುಳಿವನ್ನು ಹಿಡಿದು ಹೋಗತಕ್ಕ ದಾರಿ ಅದು. ದಕ್ಷಿಣ ಕೊರಿಯಾದಲ್ಲಿ ಮತ್ತೊಂದು ಮೂಳೆಮಜ್ಜೆ ಕೋಶಚಿಕಿತ್ಸೆಗೆ ೨೦೧೪ರಲ್ಲೇ ಷರತ್ತಿನ ಮೇಲೆ ಅನುಮತಿ ಕೊಟ್ಟರು. ೬೪ ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಕೆಲವು ತಿಂಗಳು ವೇಗ ತಗ್ಗಿದಂತೆ ಕಂಡಿತ್ತು. ದೊಡ್ಡ ಪರೀಕ್ಷೆಯ ಫಲ ೨೦೨೪ರ ಕೊನೆಯಲ್ಲಿ ಹೊರಬಂದಾಗ ಮುಖ್ಯ ಗುರಿಯನ್ನು ಅದು ಮುಟ್ಟಿರಲಿಲ್ಲ.

ಹಾಗಾದರೆ ಎಫ್. ಡಿ. ಎ.ಯವರು ಬರೀ ಅಂಕಗಳಿಗೆ ಜೋತುಬಿದ್ದ ಕಲ್ಲುಮನಸ್ಸಿನವರೇ? ಅದೇ ೨೦೨೩ರ ಏಪ್ರಿಲಿನಲ್ಲಿ ಅವರು ಟೋಫರ್ಸೆನ್ ಎಂಬ ಔಷಧಕ್ಕೆ ಅನುಮತಿ ಕೊಟ್ಟರು. ರೋಗಿಗಳಲ್ಲಿ ೧೦೦ಕ್ಕೆ ಸುಮಾರು ಇಬ್ಬರಲ್ಲಿ ಮಾತ್ರ ಇರುವ ಒಂದು ವಂಶವಾಹಿಯ ದೋಷಕ್ಕೆ ಅದು ಮದ್ದು. ೧೦೮ ಜನರ ಪರೀಕ್ಷೆಯಲ್ಲಿ ೨೮ ವಾರಗಳ ಅಂಕದ ಗುರಿಯನ್ನು ಅದೂ ಮುಟ್ಟಲಿಲ್ಲ! ಆದರೆ ದೋಷವುಳ್ಳ ಪ್ರೋಟೀನು ತಗ್ಗಿತು. ನರಗಳು ನಾಶವಾದಾಗ ರಕ್ತಕ್ಕೆ ಸೋರುವ ದ್ರವ್ಯವೂ ಸ್ಪಷ್ಟವಾಗಿ ತಗ್ಗಿತು. ರೋಗದ ಕಾರಣದಿಂದ ನರನಾಶದ ವರೆಗಿನ ಸರಪಣಿಯ ಕೊಂಡಿಗಳು ಕೈಗೆ ಸಿಕ್ಕಿದ್ದರಿಂದ, ಮುಂದೆ ದೃಢಪಡಿಸಬೇಕೆಂಬ ಷರತ್ತಿನಿಂದ ಬಾಗಿಲು ತೆರೆದರು. ನನಗೆ ಈ ವಿವೇಚನೆ ನ್ಯಾಯವಾಗಿ ತೋರುವುದು.

ರೋಗಿಯ ಬೆನ್ನಿಗೆ ಹುಸಿಮದ್ದನ್ನು ಚುಚ್ಚುವುದು ದಯೆಯೇ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ಆದರೆ ಎರಡು ಸಂಗತಿಗಳನ್ನು ಯೋಚಿಸಿರಿ. ಚಿಕಿತ್ಸೆಯಿಂದ ಕೇಡೇ ಆಗದೆಂದು ನಾವು ಮೊದಲೇ ಊಹಿಸಿಬಿಡುವೆವು. ಪಾರ್ಶ್ವವಾಯುವಿಗಾಗಿ ಚೀನಾ, ಅರ್ಜೆಂಟೀನಾ, ಮೆಕ್ಸಿಕೊಗಳಲ್ಲಿ ಆಕರಕೋಶಗಳನ್ನು ಚುಚ್ಚಿಸಿಕೊಂಡ ಒಬ್ಬ ರೋಗಿಯ ಬೆನ್ನುಹುರಿಯಲ್ಲಿ ಗಡ್ಡೆಯಂತಹ ಬೆಳವಣಿಗೆ ಕಂಡುಬಂದು, ಅದು ಅವನದಲ್ಲದ ಕೋಶಗಳಿಂದ ಬೆಳೆದುದೆಂದು ತಿಳಿದುದನ್ನು ವೈದ್ಯರು ೨೦೧೬ರಲ್ಲಿ ಪ್ರಕಟಿಸಿದ್ದಾರೆ. ಎರಡನೆಯದು, ಹುಸಿಮದ್ದು ಪಡೆದವನು ಒಪ್ಪಿ ಬಂದವನು. ಅವನಿಂದ ಬಂದ ೨೮ ಎಂಬ ಆ ಒಂದು ಸಂಖ್ಯೆ ಇಲ್ಲಿ ಕುಳಿತಿರುವ ರೈತನ ಹೊಲವನ್ನು ಕಾಯುತ್ತಿದೆ. ತುಲನೆಯಿಲ್ಲದೆ ನೂರಾರು ಜನರಿಗೆ ಚುಚ್ಚಿ, ಹತ್ತು ವರ್ಷಗಳಾದ ಮೇಲೂ ಗುಣವುಂಟೋ ಇಲ್ಲವೋ ತಿಳಿಯದೆ ಇರುವ ಸ್ಥಿತಿಯನ್ನು ನಾನು ದಯೆಯೆಂದು ಕರೆಯಲಾರೆ.

ನಮ್ಮ ದೇಶದ ನಿಯಮವೂ ಇದಕ್ಕೆ ಅನುಗುಣವಾಗಿಯೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಕೂಡಿ ೨೦೧೭ರಲ್ಲಿ ಹೊರಡಿಸಿದ ಮಾರ್ಗದರ್ಶಿಯ ಪ್ರಕಾರ, ಕೆಲವು ರಕ್ತಸಂಬಂಧವಾದ ರೋಗಗಳಿಗೆ ಮಾಡುವ ಮೂಳೆಮಜ್ಜೆ ಮೊದಲಾದವುಗಳ ಕಸಿಯ ಹೊರತು, ಆಕರಕೋಶಗಳ ಉಳಿದೆಲ್ಲ ಬಳಕೆಯೂ ಸಂಶೋಧನೆಯೇ. ಅನುಮತಿ ಪಡೆದ ಪರೀಕ್ಷೆಯೊಳಗೆ ಮಾತ್ರ ಅದು ನಡೆಯತಕ್ಕುದು. ಆದುದರಿಂದ ಯಾರಾದರೂ ಈ ರೋಗಕ್ಕೆ ಕೋಶಚಿಕಿತ್ಸೆ ಮಾಡುವೆವೆಂದರೆ, ಇದು ಪರೀಕ್ಷೆಯೋ ವ್ಯಾಪಾರವೋ ಎಂದು ನೇರವಾಗಿ ಕೇಳಿರಿ. ಪರೀಕ್ಷೆಯೆಂದರೆ, ಯಾವ ನೀತಿಸಮಿತಿ ಒಪ್ಪಿತು, ಔಷಧ ನಿಯಂತ್ರಕರ ಅನುಮತಿ ಎಲ್ಲಿದೆ, ತುಲನೆಯ ಗುಂಪು ಉಂಟೇ, ಫಲವನ್ನು ಯಾವ ಅಳತೆಯಿಂದ ಎಷ್ಟು ಕಾಲ ನೋಡುವಿರಿ ಎಂದು ಕೇಳಿರಿ. ಪರೀಕ್ಷೆಯೆಂದು ಹೇಳಿ ಲಕ್ಷಗಟ್ಟಲೆ ಹಣ ಕೇಳಿದರೆ ಅಲ್ಲಿಯೇ ಅನುಮಾನಿಸಿರಿ. ಸರಕಾರದ ಸಿ. ಟಿ. ಆರ್. ಐ. ಎಂಬ ದಾಖಲೆಯಲ್ಲಿ ಹೆಸರಿದೆಯೆಂದು ತೋರಿಸುವರು. ಅದು ಅವಶ್ಯವಾದುದೇ, ಆದರೆ ಹೆಸರು ಬರೆಸಿದ ಮಾತ್ರಕ್ಕೆ ಸರಕಾರವು ಚಿಕಿತ್ಸೆಯನ್ನು ಮೆಚ್ಚಿತೆಂದು ಅರ್ಥವಲ್ಲ. ಗುಣ ಕಂಡವರ ಚಿತ್ರಗಳನ್ನು ತೋರಿಸಿದರೆ, ಒಟ್ಟು ಎಷ್ಟು ಜನರಿಗೆ ಕೊಟ್ಟಿರಿ, ಉಳಿದವರು ಏನಾದರು ಎಂದು ವಿಚಾರಿಸಿರಿ. ಈ ಒಂದು ಪ್ರಶ್ನೆಗೆ ನೆಟ್ಟನೆಯ ಉತ್ತರ ಬರುವುದು ಅಪರೂಪ.

ಹೊಲವನ್ನು ಮಾರದ ಮಾತ್ರಕ್ಕೆ ರೋಗಿಯನ್ನು ಕೈಬಿಟ್ಟಂತಾಗುವುದೇ? ಇಲ್ಲ. ಇಂಗ್ಲೆಂಡಿನ ನ್ಯೂಕ್ಯಾಸ್ಲಿನ ವೈದ್ಯರು ೨೦೦೬ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ ೪೧ ರೋಗಿಗಳಿದ್ದರು. ಉಸಿರು ಸೋತಾಗ ಮೂಗಿಗೋ ಬಾಯಿಗೋ ಮುಖವಾಡವಿಟ್ಟು ಗಾಳಿ ನೂಕುವ ಯಂತ್ರವನ್ನು ಕೆಲವರಿಗೆ ಕೊಟ್ಟರು, ಕೆಲವರಿಗೆ ಕೊಡಲಿಲ್ಲ. ನುಂಗುವ, ಮಾತಾಡುವ ಶಕ್ತಿ ಅಷ್ಟಾಗಿ ಕೆಡದಿದ್ದವರಲ್ಲಿ ಯಂತ್ರ ಪಡೆದವರ ಆಯುಷ್ಯವು ಮಧ್ಯಮಮಾನದಿಂದ ೨೦೫ ದಿನಗಳಷ್ಟು ಹೆಚ್ಚಿತು. ಅವರ ದಿನಗಳೂ ನೆಮ್ಮದಿಯವಾದುವು. ಏಳು ತಿಂಗಳಿಗೆ ಸಮೀಪವಾದ ಈ ಲಾಭವನ್ನು ಇದುವರೆಗೆ ಯಾವ ಕೋಶಚಿಕಿತ್ಸೆಯೂ ತುಲನೆಯಲ್ಲಿ ತೋರಿಸಿಲ್ಲ. ಆದರೆ ಹೊಳಪಿಲ್ಲದ ಈ ಯಂತ್ರಕ್ಕಾಗಿ ಹೊಲ ಮಾರಲು ಯಾರೂ ಅಪ್ಪಣೆ ಕೇಳಿ ಬರುವುದಿಲ್ಲ. ನುಂಗಲಾರದವನಿಗೆ ಹೊಟ್ಟೆಯೊಳಕ್ಕೆ ಕೊಳವೆಯಿಟ್ಟು ಗಂಜಿ ಮುಟ್ಟಿಸುವುದು, ಗಾಲಿಕುರ್ಚಿ, ಮಾತು ನಿಂತವನಿಗೆ ಕಣ್ಣಸನ್ನೆಯಿಂದ ಅಕ್ಷರ ತೋರಿಸುವ ಹಲಗೆ, ರಾತ್ರಿಯಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಲು ಒಬ್ಬ ಆಳು: ಖರ್ಚು ಮಾಡತಕ್ಕ ಹಣವಿದ್ದರೆ ಇವುಗಳ ದಾರಿಯನ್ನು ಮೊದಲು ನೋಡಿರಿ.

ಮನೆಯವರು ಇಂದಿನಿಂದಲೇ ಮಾಡಬಹುದಾದ ಒಂದು ಕೆಲಸವಿದೆ. ನಾನು ಹೇಳಿದ ಹನ್ನೆರಡು ಕಾರ್ಯಗಳನ್ನು ಒಂದು ಪುಸ್ತಕದಲ್ಲಿ ಬರೆದು, ಅಂಕ ಕೊಡುವ ರೀತಿಯನ್ನು ವೈದ್ಯರಿಂದ ಕೇಳಿ ತಿಳಿದು, ಪ್ರತಿ ತಿಂಗಳ ಮೊದಲ ದಿನ ಯಥಾರ್ಥವಾಗಿ ಗುರುತು ಮಾಡಿರಿ. ಒಂದು ದಿನ ಅನುಮತಿಯುಳ್ಳ ಪರೀಕ್ಷೆಗೆ ಸೇರುವ ಅವಕಾಶ ಬಂದರೆ, ಹಿಂದಿನ ವೇಗವನ್ನು ವೈದ್ಯರು ಕೇಳಿಯೇ ಕೇಳುವರು. ಆಗ ಆ ಪುಸ್ತಕ ಕೈಯಲ್ಲಿರಲಿ.